ಸಿಂಪಲ್ ಗಾಯದ ಅಂಬುಬಾಯಿ

ಅಂಬುಬಾಯಿಯ ಮೇಲಿನ ಮುಂಬಲ್ಲು ಉದುರಿದ್ದು ೧೯೯೬ರ ಮೇ ತಿಂಗಳಲ್ಲಿ, ಮದುಮಗನ ಹೊಸ ಬೂಟಿನ ಹಿಮ್ಮಡಿಗೆ. ಉದುರಿತು ಅನ್ನುವುದೂ ಸರಿಯಲ್ಲ. ಹಣ್ಣೆಲೆ ಉದುರುತ್ತದೆ. ಇದನ್ನು ತುಳಿದು ಕಿತ್ತದ್ದು.

ಊರು ಮುಡಬಿಯಿಂದ ಮೂರು ಕಿಲೋಮೀಟರ್ ಒಳಗಿನ ಒಂದು ವಾಡಿ. ನಲವತ್ತು ಮನೆ ಹೊಲ ಇದ್ದವರದು, ಒಂದು ಮನೆ ಮಡಿವಾಳರದು. ಆ ಒಂದು ಮನೆಯ ಸೊಸೆ ಅಂಬುಬಾಯಿ. ಆಗ ಇಪ್ಪತ್ತಾರರ ಹೆಂಗಸು. ಗಂಡ ಸಿದ್ದಪ್ಪ, ಅತ್ತೆ ತೇಜಮ್ಮ. ನಲವತ್ತು ಮನೆಯ ಬಟ್ಟೆ ಹಳ್ಳದಲ್ಲಿ ಒಗೆಯುವುದು, ಪಾಟೀಲರ ಮನೆಯವಕ್ಕೆ ಇಸ್ತ್ರಿಯನ್ನೂ ಹೊಡೆಯುವುದು, ಸುಗ್ಗಿಯಲ್ಲಿ ಕೊಟ್ಟಷ್ಟು ಜೋಳ ಹೊತ್ತು ತರುವುದು. ಬಾಣಂತಿಯ ಬಟ್ಟೆಯಾಗಲಿ, ಹೆಣದ ಮೇಲಿನ ಬಟ್ಟೆಯಾಗಲಿ, ಬರುವುದು ಇವರ ಒಗೆಯುವ ಬಂಡೆಗೇ.

ಮದುವೆಯಲ್ಲಿ ಇನ್ನೊಂದು ಚಾಕರಿ ಇತ್ತು. ಅದಕ್ಕೆ ನಡೆಮಡಿ ಅನ್ನುತ್ತಿದ್ದರು. ಮದುಮಗ ಮನೆಯಿಂದ ಹಂದರದ ತನಕ ನಡೆಯುವಾಗ ಅವನ ಕಾಲು ಮಣ್ಣಿಗೆ ತಾಕಬಾರದು. ಮಡಿವಾಳ ಅವನ ಮುಂದೆ ಒಗೆದ ಸೀರೆ ಹಾಸಬೇಕು, ಮದುಮಗ ದಾಟಿದ ಕೂಡಲೇ ಹಿಂದಿನದನ್ನು ಎಳೆದುಕೊಂಡು ಓಡಿ ಮತ್ತೆ ಮುಂದೆ ಹಾಸಬೇಕು. ಹಾಸುವುದೂ ಬಗ್ಗಿ, ಓಡುವುದೂ ಬಗ್ಗಿ. ಹಿಂದಿನ ವರ್ಷ ಪಾಟೀಲರ ಅಣ್ಣನ ಮಗನ ಮದುವೆಯಲ್ಲಿ ಸೀರೆ ಸುರುಳಿ ಬಿದ್ದು ಮದುಮಗ ಎಡವಿದ್ದ. ಹಲಗೆ ಬಾರಿಸುವುದು ನಿಲ್ಲಲಿಲ್ಲ. ಆ ಸದ್ದಿನ ನಡುವೆಯೇ ಸಿದ್ದಪ್ಪನ ಕುತ್ತಿಗೆಯ ಮೇಲೆ ಮದುಮಗನ ಮಾವ ಮೂರು ಏಟು ಹಾಕಿದ. ಬಗ್ಗಿದ್ದ ಸಿದ್ದಪ್ಪ ಬಗ್ಗಿಕೊಂಡೇ ಉಳಿದ ಹಾದಿಗೂ ಹಾಸಿದ. ಅಂಬುಬಾಯಿ ಹೆಂಗಸರ ಸಾಲಿನಲ್ಲಿ ನಿಂತು ನೋಡಿದಳು.

ಈ ವರ್ಷ ಊರ ಗೌಡ ಪಾಟೀಲ ಮಹಾರುದ್ರಪ್ಪನ ಸ್ವಂತ ಮಗ ಉತ್ತಮನ ಮದುವೆ. ನಡೆಮಡಿಗೆ ಹೇಳಿಕಳಿಸಿದಾಗ ಮಾತಾಡಿದ್ದು ಸಿದ್ದಪ್ಪನಲ್ಲ. ಅಂದದ್ದು ಅವನ ಹೆಂಡತಿ.

"ಸೀರಿ ಒಗದ ಕೊಡ್ತೀವಿ. ಹಾಸೂದಿಲ್ಲ. ಗೌಡ್ರ ಮಗಗ ಕಾಲ ಅದಾವಲ್ಲ, ನೆಲದ ಮ್ಯಾಗ ನಡೀಲಿ."

ಉತ್ತಮ ನೆಲದ ಮೇಲೆಯೇ ನಡೆದ. ಹೊಸ ಬೂಟಿಗೆ ಧೂಳು ಹತ್ತಿತು, ಬೀಗರ ಕಡೆಯವರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಅಷ್ಟು ಸಾಕಾಯಿತು.

ಮೂರನೇ ದಿನ ಮದುವೆಯ ಬಟ್ಟೆಯ ಗಂಟು ಒಯ್ಯಿರಿ ಅಂತ ಕರೆ ಬಂತು. ಗಂಡಹೆಂಡಿರು ಹೋದರು. ಪಾಟೀಲರ ಪಡಸಾಲೆಯ ಗೋಡೆಗೆ ಶರಣರ ಚಿತ್ರಗಳು ಸಾಲಾಗಿ ಇದ್ದವು. ಅದರಲ್ಲಿ ಮಡಿವಾಳ ಶರಣನದೂ ಒಂದು. ಅವನಿಗೂ ಹೂವಿನ ಮಾಲೆ ಬಿದ್ದಿತ್ತು. ಇವರಿಬ್ಬರನ್ನು ಪಡಸಾಲೆಗೆ ಕರೆಯಲಿಲ್ಲ, ದನದ ಅಂಗಳಕ್ಕೆ ಕರೆದರು. ಒಳಗೆ ಬಂದ ಮೇಲೆ ಬಾಗಿಲಿನ ಅಗಳಿ ಬಿತ್ತು.

ಉತ್ತಮನ ದಾಯಾದಿಗಳಿಬ್ಬರು ಸಿದ್ದಪ್ಪನನ್ನು ಗೋದಲಿಗೆ ಒತ್ತಿ ಹಿಡಿದರು. ಉತ್ತಮ ನೊಗದ ಗೂಟ ತಗೊಂಡು ಬೆನ್ನಿಗೆ ಇಳಿಸಿದ. ಒಣ ಚರ್ಮಕ್ಕೆ ಬಾರಿಸಿದ ಹಾಗೆ ಸದ್ದಾಯಿತು. ದನಗಳು ಹಗ್ಗ ಜಗ್ಗಿದವು. ನಾಲ್ಕನೆಯ ಏಟಿಗೆ ಅಂಬುಬಾಯಿ ಹೋಗಿ ಗೂಟ ಹಿಡಿದ ಕೈಗೆ ಬಾಯಿ ಹಾಕಿದಳು. ಮಾಂಸ ಸಿಕ್ಕಿತು. ಉತ್ತಮ ಅವಳ ಕೂದಲು ಹಿಡಿದು ಕೆಡವಿದ. ಕೆಡವಿ ಬೂಟಿನ ಹಿಮ್ಮಡಿಯನ್ನು ಬಾಯಿಯ ಮೇಲೆ ಇಟ್ಟು, ಬೀಡಿ ಆರಿಸುವವರ ಹಾಗೆ ತಿರುಗಿಸಿದ.

ಮಹಾರುದ್ರಪ್ಪ ಬೇವಿನ ಗಿಡದ ಕೆಳಗೆ ಹಗ್ಗದ ಹೊರಸಿನ ಮೇಲೆ ಕೂತಿದ್ದ.

"ನೆಲದ ಮ್ಯಾಗ ನಡೀಲಿ ಅಂದಿದ್ದಿಯಂತಲ್ಲವಾ," ಅಂದ. "ನೋಡು, ನಡದಾನ."

ಬಿಟ್ಟ ಮೇಲೆ ಸಿದ್ದಪ್ಪ ಗೋಡೆ ಹಿಡಿದು ಎದ್ದ. ಅಂಬುಬಾಯಿ ಏಳಲಿಲ್ಲ. ಮೊಣಕಾಲೂರಿ ಸಗಣಿ, ಜೋಳದ ಕಣಿಕೆಯ ಚೂರುಗಳ ನಡುವೆ ಬೆರಳಾಡಿಸಿ ಹಲ್ಲು ಹುಡುಕಿದಳು. ಸಿಕ್ಕಿತು. ಸೆರಗಿಗೆ ಗಂಟು ಹಾಕಿಕೊಂಡಳು. ಯಾಕೆ ಹುಡುಕಿದೆ ಅಂತ ಮುಂದೆ ಯಾರೋ ಕೇಳಿದಾಗ, "ನಂದಲ್ಲೇನು ಅದು? ಅವರ ಅಂಗಳದಾಗ ಯಾಕ ಬಿಡ್ಲಿ?" ಅಂದಳು. ಅದರಾಚೆ ಅವಳ ತಲೆಯಲ್ಲಿ ಕಾಯ್ದೆ ಕಾನೂನು ಏನೂ ಇರಲಿಲ್ಲ.

ಮನೆಯಲ್ಲಿ ತೇಜಮ್ಮ ಉಪ್ಪುನೀರಿನಿಂದ ಸೊಸೆಯ ಬಾಯಿ ತೊಳೆದಳು, ಅರಿಶಿನ ಒತ್ತಿದಳು. ಸಿದ್ದಪ್ಪ ಜೀಪು ಹುಡುಕಲು ಹೋಗಿದ್ದ. ಮುದುಕಿ ಸೆರಗಿನ ಗಂಟು ಬಿಚ್ಚಿ ಹಲ್ಲು ತೆಗೆದಳು, ಸಗಣಿಯಲ್ಲಿ ಉಂಡೆ ಕಟ್ಟಿದಳು, ಅಂಗಳಕ್ಕೆ ಬಂದು ಮನೆಯ ಮಣ್ಣಿನ ಮಾಳಿಗೆಯ ಮೇಲಕ್ಕೆ ಎಸೆದಳು. ಬಿದ್ದ ಹಲ್ಲು ನೆಲದಲ್ಲಿ ಉಳಿಯಬಾರದು, ನಾಯಿ ಮೂಸಬಾರದು. ಮಕ್ಕಳ ಹಾಲುಹಲ್ಲಿಗೂ ಮುದುಕರ ಹುಳುಕು ಹಲ್ಲಿಗೂ ಆ ಮನೆಯಲ್ಲಿ ಅದೇ ರೀತಿ. ತುಳಿದು ಕಿತ್ತ ಹಲ್ಲಿಗೆ ಬೇರೆ ರೀತಿ ಇರಬೇಕು ಅಂತ ಯಾರಿಗೆ ಹೊಳೆಯಬೇಕು?

ಬಸವಕಲ್ಯಾಣದ ದವಾಖಾನೆಯಲ್ಲಿ ಡಾಕ್ಟರು ತುಟಿಗೆ ಐದು ಹೊಲಿಗೆ ಹಾಕಿ ಕೇಳಿದರು.

"ಹಲ್ಲ ಎಲ್ಲದ?"

"ನಮ್ಮತ್ತಿ ಮಾಳಿಗಿ ಮ್ಯಾಗ ಒಗದಾರ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೇರಿನಿಂದ ಕಿತ್ತು ಬಂದದೋ, ಮೊದಲೇ ಹುಳತಿತ್ತೋ, ನಾ ಹ್ಯಾಂಗ ಬರೀಲಿ? ನಾಳಿ ಕೋರ್ಟಿನಾಗ ನನ್ನ ನಿಲ್ಲಿಸಿ ಕೇಳ್ತಾರ. ಹಲ್ಲ ತಗೊಂಬರ್ರಿ, ನೋಡಿ ಬರೀತೀನಿ."

ತಾವು ಕಣ್ಣಿಂದ ಕಂಡದ್ದನ್ನು ಅವರು ಬರೆದರು: ತುಟಿಯ ಸೀಳು, ಅವಳ ಗಂಡನ ಬೆನ್ನಿನ ಬಾಸುಂಡೆ. ಹಲ್ಲಿನ ಬಗ್ಗೆ ಅಭಿಪ್ರಾಯ ಬಾಕಿ ಅಂತ ಒಂದು ಸಾಲು. ಕೊನೆಯಲ್ಲಿ ಇಂಗ್ಲೀಷಿನ ಒಂದು ಶಬ್ದ. ಠಾಣೆಯ ಜಮಾದಾರ ಉಳಿದದ್ದನ್ನು ಓದಲೇ ಇಲ್ಲ, ನೇರ ಆ ಶಬ್ದಕ್ಕೆ ಬೆರಳಿಟ್ಟ.

"ಸಿಂಪಲ್ ಅದ."

"ಹಂಗಂದ್ರ?"

"ಹಂಗಂದ್ರ ಸಾದಾ. ಸಣ್ಣದು. ಮನಿಗೆ ಹೋಗಿ ಬಿಸಿನೀರ ಕುಡಿ."

ಪಾಟೀಲರ ಮನೆಗೆ ಆ ಶಬ್ದ ಇವರಿಗಿಂತ ಮೊದಲು ಮುಟ್ಟಿತು. ಮರುದಿನ ಹಳ್ಳದ ದಾರಿಯಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ ಉತ್ತಮ ತೇಜಮ್ಮನನ್ನು ಕೇಳಿದ: "ಏನವಾ, ನಿಮ್ಮ ಸಿಂಪಲ್ ಬಾಯಿ ಹ್ಯಾಂಗದಾಳ?" ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಹೆಸರು. ಮದುವೆಯ ಊಟ ಬಡಿಸಿದವರು, ಅವಳು ಒಗೆದ ಅಂಗಿ ತೊಟ್ಟವರು, ಎಲ್ಲರ ಬಾಯಲ್ಲೂ ಸಿಂಪಲ್ ಬಾಯಿ.

ಅಂಬುಬಾಯಿ ಊರಿಗೆ ಮರಳದೆ ಎಂಟು ದಿನ ಬಸವಕಲ್ಯಾಣದಲ್ಲಿ ನೆಂಟರ ಮನೆಯಲ್ಲಿ ಗಂಜಿ ಕುಡಿದು ಮಲಗಿದಳು. ಆ ಹೆಸರು ಅಲ್ಲಿಗೂ ಬಂದು ಮುಟ್ಟಿತು. ಒಂಬತ್ತನೇ ದಿನ ಗಂಡನನ್ನು ಎಬ್ಬಿಸಿಕೊಂಡು ವಕೀಲ ಖಮರುದ್ದೀನರ ಖೋಲಿಯ ಮೆಟ್ಟಿಲು ಹತ್ತಿದಳು. ಅವಳಿಗೆ ಬೇಕಾಗಿದ್ದು ಒಂದೇ: ಆ ಶಬ್ದ ಹೋಗಬೇಕು. ಅದು ಕಾಗದದ ಮೇಲಿರುವ ತನಕ ಆ ಊರಲ್ಲಿ ತಲೆ ಎತ್ತಿ ನಡೆಯುವುದು ಆಗದ ಮಾತು.

ಖಮರುದ್ದೀನ್ ಅರವತ್ತು ದಾಟಿದ ಮನುಷ್ಯ. ಕರೀ ಕೋಟು ಮೊಣಕೈಯಲ್ಲಿ ಸವೆದಿತ್ತು. ಕಾಗದ ಓದಿ ಕನ್ನಡಕ ತೆಗೆದರು.

"ಕಾಯ್ದೆದಾಗ ಎರಡ ನಮೂನಿ ಗಾಯ ಅದಾವ, ಬಾಯಿ. ಒಂದು ಸಿಂಪಲ್. ಅದಕ್ಕ ಒಂದ ವರ್ಷದೊಳಗಿನ ಸಜಾ, ಇಲ್ಲಾ ದಂಡ ಕಟ್ಟಿ ಮೀಸಿ ತಿರುವ್ಕೊಂತ ಹೋಗ್ತಾರ. ಇನ್ನೊಂದು ಗ್ರೀವಿಯಸ್. ಅದಕ್ಕ ಏಳು ವರ್ಷದ ತನಕ ಅದ. ಎಲುವು ಮುರದ್ರ ಗ್ರೀವಿಯಸ್. ಹಲ್ಲ ಕಿತ್ರೂ ಗ್ರೀವಿಯಸ್. ಕಾಯ್ದೆದಾಗ ಬರದಾರ."

"ಬರದಿದ್ರ ನನ್ನ ಗಾಯಕ್ಕ ಯಾಕ ಹಾಕ್ಲಿಲ್ಲ?"

"ಹಲ್ಲ ಎಲ್ಲದ?"

ಅತ್ತೆ ಮಾಳಿಗೆಗೆ ಎಸೆದದ್ದನ್ನು ಅಂಬುಬಾಯಿ ಹೇಳಿದಳು. ಆಮೇಲೆ ಕೇಳಿದಳು: "ಸಾಬ್, ಆ ಸಿಂಪಲ್ ಅನ್ನೂದು ಎಲ್ಲಿಂದ ಬಂದದ್ರಿ? ಯಾರ ಮಾತದು?"

ಮೂವತ್ತೈದು ವರ್ಷದ ವಕೀಲಿಯಲ್ಲಿ ಯಾವ ಕಕ್ಷಿದಾರನೂ ಅವರನ್ನು ಹಾಗೆ ಕೇಳಿರಲಿಲ್ಲ. ನಿಜಾಮರ ಕಾಲದಲ್ಲಿ ಮುನ್ಷಿಯಾಗಿದ್ದ ಅವರ ಅಪ್ಪ ಬಿಟ್ಟುಹೋದ ಒಂದು ದಪ್ಪ ಇಂಗ್ಲೀಷ್ ಶಬ್ದಕೋಶ ಕಪಾಟಿನಲ್ಲಿತ್ತು, ಬೆನ್ನಿಗೆ ಹಳೆ ಲುಂಗಿಯ ಪಟ್ಟಿ ಅಂಟಿಸಿಕೊಂಡು. ಧೂಳು ಹೊಡೆದು ತೆರೆದರು. ಬೆರಳು ಇಳಿಸುತ್ತ ಓದಿದರು.

"ಮೊದಲನೇ ಅರ್ಥ, ಕಪಟ ಇಲ್ಲದವ, ಸೀದಾ ಮನಷ್ಯಾ. ಒಳ್ಳೆ ಶಬ್ದನೇ ಇತ್ತು ನೋಡು. ಎರಡನೇದು, ದೊಡ್ಡ ಮನಿತನ ಇಲ್ಲದವ, ಸಣ್ಣ ಕುಲದವ. ಮೂರನೇದು, ಬುದ್ಧಿ ಕಮ್ಮಿ ಇದ್ದವ. ಒಂದ ಗಿಡಮೂಲಿಕಿಲೆ ಮಾಡಿದ ಔಷಧಕ್ಕೂ ಹಿಂದಕ ಇದೇ ಅಂತಿದ್ರಂತ."

"ಸೀದಾ ಇದ್ದವ, ಆಮ್ಯಾಗ ಸಣ್ಣವ, ಆಮ್ಯಾಗ ದಡ್ಡ," ಅಂತ ಅಂಬುಬಾಯಿ ಬೆರಳು ಮಡಚಿದಳು. "ಇಂಗ್ಲೀಷಿನವರೂ ನಮ್ಮ ಗೌಡ್ರಂಗೇ ಅದಾರಲ್ರಿ."

ಖಮರುದ್ದೀನ್ ಗಡ್ಡದೊಳಗೇ ನಕ್ಕರು. "ಇದರ ಬುಡ ಲ್ಯಾಟಿನ್ ಭಾಷಾದಾಗ ಅದ. ಸತ್ತುಹೋದ ಹಳೇ ಭಾಷಾ. ಅಲ್ಲಿ ಇದಕ್ಕ ಒಂದೇ ಮಡಿಕಿದು ಅಂತ ಅರ್ಥ. ಅರಿವಿ ಮಡಚ್ತಾರಲ್ಲ, ಆ ಮಡಿಕಿ. ಗ್ರೀವಿಯಸ್ಸಿನ ಬುಡ ಬ್ಯಾರೆ. ಅದಕ್ಕ ಭಾರ ಅಂತ ಅರ್ಥ. ತೂಕದ್ದು."

ಮಡಿಕೆಯ ಮಾತು ಬಂದ ಕೂಡಲೇ ಅಂಬುಬಾಯಿ ನೆಟ್ಟಗೆ ಕೂತಳು. ಅದು ಅವಳ ಕಸುಬು.

"ಒಂದ ಮಡಿಕಿ ಹಾಕಿದ ಅರಿವಿ ನೋಡೀರೇನ್ರಿ, ಸಾಬ್? ತೆರದ್ರ ಎಲ್ಲಾ ಕಾಣಸ್ತದ, ಒಳಗ ಏನೂ ಉಳಿಯಂಗಿಲ್ಲ. ನಂದು ಹಂಗಿಲ್ಲ. ಅವ ತುಳದಿದ್ದು ಒಂದ ಮಡಿಕಿ. ಅವರಪ್ಪ ಹೊರಸಿನ ಮ್ಯಾಗ ಕುಂತ ನೋಡಿದ್ದು ಒಂದು. ಅಗಳಿ ಹಾಕಿದ್ದು ಒಂದು. ಹ್ವಾದ ವರ್ಷ ನನ್ನ ಗಂಡನ ಕುತ್ತಿಗಿ ಮ್ಯಾಗ ಬಿದ್ದಿದ್ದು ಒಂದು. ಡಾಕ್ಟರ್ ಮ್ಯಾಗಿನ ಮಡಿಕಿ ಸವರಿ ಬರದಾರ."

"ಖರೆ ಅದ. ಆದ್ರ ಕೋರ್ಟಿಗೆ ಮಡಿಕಿ ಬ್ಯಾಡ ಬಾಯಿ, ಹಲ್ಲ ಬೇಕು. ಮಾಳಿಗಿ ಹತ್ರಿ."

ಹತ್ತುವ ಹೊತ್ತಿಗೆ ತಡವಾಗಿತ್ತು. ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುವುದು ಆ ಸೀಮೆಯ ಕೆಲಸ. ಮಗ ಸೊಸೆ ಇಲ್ಲದ ಎಂಟು ದಿನದಲ್ಲಿ ತೇಜಮ್ಮ ಒಬ್ಬಳೇ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಗೇಣು ದಪ್ಪ ಹಾಕಿ ಮುಗಿಸಿದ್ದಳು. ಅರವತ್ತೈದರ ಮುದುಕಿಗೆ ಅಷ್ಟು ಅವಸರ ಯಾಕಿತ್ತು ಅಂತ ಅಂಬುಬಾಯಿಗೆ ಆಗ ತಿಳಿಯಲಿಲ್ಲ.

"ಬ್ಯಾಡ ಬಿಡವಾ. ಮುಚ್ಚಿದ್ದ ಮುಚ್ಚಿರ್ಲಿ," ಅಂದಳು ತೇಜಮ್ಮ.

ಇಬ್ಬರೂ ಕೇಳಲಿಲ್ಲ. ಸಿದ್ದಪ್ಪ ಸಲಿಕೆಯಿಂದ ಮಣ್ಣು ಕೆತ್ತಿದ, ಅಂಬುಬಾಯಿ ಜೋಳದ ಸಾಣಿಗೆಯಲ್ಲಿ ಜರಡಿ ಹಿಡಿದಳು. ಊರಿನ ಮಧ್ಯೆ ಹಗಲುಹೊತ್ತಿನಲ್ಲಿ ಒಬ್ಬರು ತಮ್ಮ ಮನೆಯ ಮಾಳಿಗೆ ತಾವೇ ಕೀಳುವುದು ಯಾರ ಕಣ್ಣಿಗೆ ಬೀಳುವುದಿಲ್ಲ? ಹುಚ್ಚು ಹಿಡಿದಿದೆ ಅಂದರು ಕೆಲವರು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಸಿಗತೊಡಗಿದವು. ಜೋಳದ ಕಾಳಿನಷ್ಟಿದ್ದ ಹಾಲುಹಲ್ಲು ಏಳೆಂಟು. ಸಿದ್ದಪ್ಪನವೂ ಇರಬಹುದು, ಅವನಪ್ಪನವೂ ಇರಬಹುದು. ಆಮೇಲೆ ಬೇರುಸಮೇತ ಇದ್ದ ಒಂದು ಬಿಳಿ ಹಲ್ಲು. ಅದರ ಹತ್ತಿರವೇ, ಹಳೆ ಮಣ್ಣಿನ ಪದರಿನಲ್ಲಿ, ಅಷ್ಟೇ ಉದ್ದದ ಇನ್ನೊಂದು. ಇದು ಕಂದುಬಣ್ಣಕ್ಕೆ ತಿರುಗಿತ್ತು.

ಅಂಬುಬಾಯಿ ಎರಡನ್ನೂ ಅಂಗೈಯಲ್ಲಿಟ್ಟು ಅಂಚಿಗೆ ಬಂದು ಕೆಳಗೆ ತೋರಿಸಿದಳು. ತೇಜಮ್ಮ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಕೆಂದಂದು ನಂದು," ಅಂದಳು.

ಸಿದ್ದಪ್ಪನ ಕೈಯ ಸಲಿಕೆ ನಿಂತಿತು. ತೇಜಮ್ಮ ಕೆಂಡ ಹಾಕುತ್ತಲೇ ಹೇಳಿದಳು. "ರಜಾಕಾರರ ಗದ್ದಲ ಮುಗದ ಮರುವರ್ಷ. ಬಾಣಂತಿ ಅರಿವಿ ಒಂದ ದಿನ ತಡಾ ಆತು. ಈಗಿನ ಪಾಟೀಲನ ಅಪ್ಪ, ಜೋಳ ಅಳಿಯೋ ಕಬ್ಬಿಣದ ಸೇರಿಲೆ ಬಡದ. ನನ್ನ ಹಲ್ಲ ನಮ್ಮತ್ತಿ ಒಗದ್ಲು. ನಿಂದು ನಾ ಒಗದೆ. ಒಗದ ಮ್ಯಾಗ ಮರೀಬೇಕು. ಮರತಿದ್ದೆ ನೋಡು, ನೀ ಕಿತ್ತಿ."

ಇಷ್ಟು ಮಾತಾಗುವುದಕ್ಕೂ ಉತ್ತಮ ಓಣಿಗೆ ಬರುವುದಕ್ಕೂ ಸರಿಹೋಯಿತು. ಹಲ್ಲು ಹುಡುಕಾಕತ್ತಾರ ಅಂತ ಯಾರೋ ಮುಟ್ಟಿಸಿದ್ದರು. ಜೊತೆಗೆ ಅವೇ ಇಬ್ಬರು ದಾಯಾದಿಗಳು. ಒಬ್ಬ ನಿಚ್ಚಣಿಕೆ ಹತ್ತಿ ಸಿದ್ದಪ್ಪನ ಕಾಲು ಹಿಡಿದು ಎಳೆದ. ಅವನು ಮಾಳಿಗೆಯಿಂದ ಅಂಗಳಕ್ಕೆ ಬೆನ್ನಡಿಯಾಗಿ ಬಿದ್ದ. ಅಂಬುಬಾಯಿಯನ್ನು ಇಳಿಸಲಿಲ್ಲ, ತಳ್ಳಿದರು. ತಳ್ಳುವ ಮೊದಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತು. ಎರಡೂ ಹಲ್ಲು ಬಾಯಿಗೆ ಹಾಕಿಕೊಂಡು ನಾಲಿಗೆಯ ಕೆಳಗೆ ಒತ್ತಿದಳು.

ಅಲ್ಲಿಂದ ಮುಂದೆ ಅವಳು ಬಾಯಿ ಬಿಡಲಿಲ್ಲ. ಸೆರಗು ಹರಿದು ಗಂಟು ಹುಡುಕಿದರು. ಕೈ ಬಿಡಿಸಿ ನೋಡಿದರು, ಬೆರಳೊಂದು ಹಿಂದಕ್ಕೆ ತಿರುಗಿತು. ಪಕ್ಕೆಗೆ ಒದ್ದರು. ಹೊಲಿಗೆ ಹಾಕಿದ ತುಟಿಯ ಮೇಲೆಯೇ ಗುದ್ದು ಬಿತ್ತು, ಹೊಲಿಗೆ ಹರಿಯಿತು. ನೋವಿಗೆ ಕೂಗುವುದು ಮನುಷ್ಯನ ಮೈಗೆ ತಾನಾಗಿ ಬರುವ ಕೆಲಸ. ಅವಳು ಅದನ್ನು ಹಲ್ಲು ಕಚ್ಚಿ, ಇದ್ದ ಹಲ್ಲನ್ನೂ ಇಲ್ಲದ ಹಲ್ಲನ್ನೂ ಕಚ್ಚಿ, ಒಳಗೇ ಹಿಡಿದಳು. ರಕ್ತ ನುಂಗಿದಳು. ಹಲ್ಲು ನುಂಗಲಿಲ್ಲ.

"ಹಲ್ಲ ಎಲ್ಲಿಟ್ಟಾಳ ಕೇಳಲೇ," ಅಂತ ಉತ್ತಮ ಸಿದ್ದಪ್ಪನ ಎದೆಯ ಮೇಲೆ ಕಾಲಿಟ್ಟ. ಸಿದ್ದಪ್ಪ ಗೊತ್ತಿಲ್ಲ ಅಂದ. ಉತ್ತಮ ಸುತ್ತ ನೋಡಿ ಕೈಗೆ ಸಿಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿದ. ಆರು ಕಿಲೋ ಹಿತ್ತಾಳೆ. ಸಿದ್ದಪ್ಪನ ಬಲಗೈಯನ್ನು ಒಬ್ಬ ಕಲ್ಲಿನ ಮೇಲೆ ಹಿಡಿದುಕೊಂಡ, ಉತ್ತಮ ಪೆಟ್ಟಿಗೆಯನ್ನು ಮಣಿಕಟ್ಟಿನ ಮೇಲೆ ಹೊಡೆದ. ಎಲುಬು ಒಡೆದ ಸದ್ದು ಓಣಿಗೆ ಕೇಳಿತು. ಎರಡನೇ ಸಲ ಎತ್ತಿದಾಗ ಮುಚ್ಚಳದ ಕೊಂಡಿ ಕಳಚಿತು. ಆಗಷ್ಟೇ ತುಂಬಿದ್ದ ಕೆಂಡವೆಲ್ಲ ಉತ್ತಮನ ತೊಡೆಯ ಮೇಲೆ ಸುರಿಯಿತು. ಟೆರಿಕಾಟ್ ಪ್ಯಾಂಟು ಚರ್ಮಕ್ಕೆ ಅಂಟಿಕೊಂಡಿತು. ಅವನು ಕುಣಿದಾಡುತ್ತ ಹಳ್ಳದ ಕಡೆ ಓಡಿದ. ಉಳಿದಿಬ್ಬರು ಹಿಂದೆ ಓಡಿದರು. ತೇಜಮ್ಮ ಚಿಮ್ಮಟಿಗೆ ಹಿಡಿದು ಕೆಂಡ ಒಂದೊಂದಾಗಿ ಆರಿಸಿ ಮತ್ತೆ ಪೆಟ್ಟಿಗೆಗೆ ಹಾಕಿದಳು.

ಬಸವಕಲ್ಯಾಣದಲ್ಲಿ ಅದೇ ಡಾಕ್ಟರು. ಅಂಬುಬಾಯಿ ಅವರ ಮೇಜಿನ ಮುಂದೆ ನಿಂತು ಮೊದಲ ಸಲ ಬಾಯಿ ತೆರೆದು ಸ್ಟೀಲಿನ ತಟ್ಟೆಯೊಳಗೆ ಉಗುಳಿದಳು. ರಕ್ತದ ನಡುವೆ ಎರಡು ಹಲ್ಲು. ಡಾಕ್ಟರು ಚಿಮಟದಿಂದ ಬಿಳಿಯದನ್ನು ಎತ್ತಿ ಬೆಳಕಿಗೆ ಹಿಡಿದರು. ಬೇರು ಪೂರ್ತಿ ಇತ್ತು, ಹುಳುಕಿರಲಿಲ್ಲ. ಅವಳ ಒಸಡು ನೋಡಿದರು. ಕೂತು ಬರೆದರು. ಹಲ್ಲಿಗೆ ಗ್ರೀವಿಯಸ್. ಸಿದ್ದಪ್ಪನ ಮಣಿಕಟ್ಟಿಗೂ ಗ್ರೀವಿಯಸ್. ಬೇಡಿದ ಶಬ್ದ ಒಂದು, ಸಿಕ್ಕಿದ್ದು ಎರಡು. ಎರಡನೆಯದಕ್ಕೆ ಇಸ್ತ್ರಿ ಹಿಡಿಯುವ ಕೈ ಹೋಯಿತು.

ಪಾಟೀಲರೂ ಉಲ್ಟಾ ಕೇಸು ಹಾಕಿದರು, ಮಡಿವಾಳರು ಕೆಂಡ ಸುರುವಿ ಕೊಲ್ಲಲು ಬಂದರು ಅಂತ. ಉತ್ತಮನ ತೊಡೆಯ ಸುಟ್ಟಗಾಯಕ್ಕೂ ಕಾಗದ ಆಯಿತು. ಜಮಾದಾರ ಅದನ್ನು ಓದಿ ಹೇಳಿದಾಗ ಅಂಬುಬಾಯಿ ಕೇಳಿದಳು: "ಅವಂದೇನ ಬರದಾರ್ರಿ?"

"ಸಿಂಪಲ್," ಅಂದ ಜಮಾದಾರ.

"ಮನಿಗೆ ಹೋಗಿ ಬಿಸಿನೀರ ಕುಡೀಲಿ ಅಂತ ಹೇಳ್ರಿ."

ಊರು ಬಿಟ್ಟದ್ದು ೧೯೯೭ರಲ್ಲಿ. ಯಾರೂ ಬಟ್ಟೆ ಕೊಡಲಿಲ್ಲ, ಒಗೆಯುವ ಬಂಡೆ ಒಡೆದಿದ್ದರು, ಕೆತ್ತಿದ ಮಾಳಿಗೆ ಮೊದಲ ಮಳೆಗೇ ಸೋರಿ ಒಂದು ಗೋಡೆ ಕುಸಿದು ಕೂತಿತ್ತು. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಬಂಡಿ ಹಾಕಿದರು. ಹಿತ್ತಾಳೆಯ ಅದೇ ಪೆಟ್ಟಿಗೆ. ಸಿದ್ದಪ್ಪ ಮನೆಮನೆಗೆ ತಿರುಗಿ ಎಡಗೈಯಲ್ಲಿ ಬಟ್ಟೆ ತರುತ್ತಿದ್ದ, ಇಸ್ತ್ರಿ ಅಂಬುಬಾಯಿಯದು. ತಾರೀಖಿಗೆ ತಾರೀಖಿಗೆ ಬಸವಕಲ್ಯಾಣದ ಕೋರ್ಟಿಗೆ ಹೋಗಿ ಬರುವುದು. ಏಳು ವರ್ಷ. ರಾಜಿ ಆಗ್ರಿ ಅಂತ ಮಠದವರಿಂದ ಹೇಳಿಸಿದರು, ಬೀಗರಿಂದ ಹೇಳಿಸಿದರು. ಒಂದು ಸಲ ದಾರಿಯ ಒಂದು ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಸಿ ಸಿದ್ದಪ್ಪನಿಗೆ ಮತ್ತೆ ಹೊಡೆದರು. ಆ ಸಲ ಎಲುಬು ಮುರಿಯಲಿಲ್ಲ. ಅದಕ್ಕೆ ಕಾಗದವೇ ಆಗಲಿಲ್ಲ.

೨೦೦೩ರಲ್ಲಿ ಪಾಟೀಲರ ವಕೀಲ ಒಂದೇ ಹಟ ಹಿಡಿದ. ಮಾಳಿಗೆಯಲ್ಲಿ ಎರಡು ಹಲ್ಲು ಸಿಕ್ಕಿವೆ, ಫಿರ್ಯಾದಿಯದು ಯಾವುದು ಅನ್ನುವುದಕ್ಕೆ ಏನು ಆಧಾರ? ಎರಡೂ ಮುದುಕಿಯವೇ ಯಾಕೆ ಆಗಿರಬಾರದು? ಡಾಕ್ಟರು ವರ್ಗವಾಗಿ ಹೋದಲ್ಲಿಂದ ಬಂದು ಸಾಕ್ಷಿ ನುಡಿದರೂ ಪ್ರಶ್ನೆ ಅಲ್ಲೇ ನಿಂತಿತು. ಕೇಸೆಲ್ಲ ಆ ಒಂದು ಪ್ರಶ್ನೆಗೆ ಜೋತುಬಿತ್ತು. ಆಗ ಖಮರುದ್ದೀನ್ ಸರಕಾರಿ ವಕೀಲರ ಕಿವಿಯಲ್ಲಿ ಏನೋ ಹೇಳಿದರು. ತೇಜಮ್ಮನನ್ನು ಕಟಕಟೆಗೆ ಕರೆದರು.

ಎಪ್ಪತ್ತೆರಡರ ಮುದುಕಿ, ಕಟಕಟೆಯ ಕಟ್ಟಿಗೆ ಹಿಡಿದು ನಿಂತಳು. ಎರಡೂ ಹಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತೋರಿಸಿದರು.

"ಕೆಂದಂದು ನಂದ್ರಿ. ಬಿಳೇದು ಸೊಸೀದು. ಆಕಿದನ್ನ ಸಗಣ್ಯಾಗ ಕಟ್ಟಿ ಒಗದಾಕಿ ನಾನಽ."

"ನಿಮ್ಮದು ಒಂದೇ ಹಲ್ಲು ಬಿದ್ದಿದೆ ಅಂತ ಕೋರ್ಟು ಹ್ಯಾಗೆ ನಂಬಬೇಕು, ಅಜ್ಜಿ?" ಅಂದ ಪಾಟೀಲರ ವಕೀಲ.

ತೇಜಮ್ಮ ಬಾಯಿ ತೆರೆದಳು. ಕೋರ್ಟಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಎಪ್ಪತ್ತೆರಡರ ಬಾಯಲ್ಲಿ ಎಲೆ ಅಡಿಕೆಯಿಂದ ಕರಿ ಹಿಡಿದ ಹಲ್ಲು ಸಾಲಾಗಿ ಹಾಗೇ ಇದ್ದವು. ಮೇಲಿನ ಸಾಲಿನ ನಡುವೆ ಒಂದೇ ಒಂದು ಕಿಂಡಿ.

"ಎಣಿಸ್ಕೋರಿ," ಅಂದಳು. "ಒಂದಽ ಹೋಗಿದ್ದು. ಅದು ಬಿದ್ದಿಲ್ಲ. ಈ ಉತ್ತಮನ ಅಜ್ಜ ಸೇರಿಲೆ ಬಡದ ಕೆಡವಿದ್ದ."

ನ್ಯಾಯಾಧೀಶರು ಕೊನೆಯ ಮಾತು ಈ ಕೇಸಿಗೆ ಸಂಬಂಧಿಸಿದ್ದಲ್ಲ ಅಂದರು. ಅದು ದಾಖಲೆಗೆ ಹೋಗಲಿಲ್ಲ. ಐವತ್ತನಾಲ್ಕು ವರ್ಷದ ಹಿಂದಿನ ಗಾಯಕ್ಕೆ ಸಿಂಪಲ್ ಅನ್ನುವಷ್ಟು ಮರ್ಯಾದೆಯೂ ಸಿಗಲಿಲ್ಲ. ಆದರೆ ಬಿಳಿ ಹಲ್ಲು ಅಂಬುಬಾಯಿಯದೇ ಅಂತ ತೀರ್ಪಿನಲ್ಲಿ ಬಂತು. ಉತ್ತಮನಿಗೆ ಎರಡು ವರ್ಷ ಸಜಾ. ಮೇಲಿನ ಕೋರ್ಟಿಗೆ ಹೋಗಿ ಕಡಿಮೆ ಮಾಡಿಸಿಕೊಂಡು ಎಂಟು ತಿಂಗಳು ಒಳಗಿದ್ದು ಬಂದ. ಎಂಟೇ ತಿಂಗಳು. ಆದರೂ ಆ ವಾಡಿಯಲ್ಲಿ ಆಮೇಲೆ ನಡೆದ ಯಾವ ಮದುವೆಯಲ್ಲೂ ಸೀರೆ ಹಾಸಿಲ್ಲ, ಹಾಸುವವರೂ ಉಳಿದಿಲ್ಲ.

ತೇಜಮ್ಮ ಸತ್ತ ವರ್ಷವೇ ಕೋರ್ಟಿನಿಂದ ಹಲ್ಲು ವಾಪಸು ಬಂದವು. ಅಂಬುಬಾಯಿ ಅವನ್ನು ಯಾವ ಮಾಳಿಗೆಗೂ ಎಸೆಯಲಿಲ್ಲ. ಇಸ್ತ್ರಿ ಬಂಡಿಯ ಖಾನೆಯಲ್ಲಿ, ತಂಬಾಕಿನ ಡಬ್ಬಿಯಲ್ಲಿ ಇಟ್ಟಳು.

ಅವಳಿಗೆ ಓದು ಬರುವುದಿಲ್ಲ. ಆದರೆ ಏಳು ವರ್ಷ ನೋಡಿ ನೋಡಿ ಸಿಂಪಲ್ ಅನ್ನುವ ಇಂಗ್ಲೀಷಿನ ಆ ಒಂದು ಶಬ್ದದ ಆಕಾರ ಕಣ್ಣಿಗೆ ಕೂತಿತ್ತು. ಹೊಡೆಸಿಕೊಂಡ ಹೆಂಗಸರು ದವಾಖಾನೆಯ ಕಾಗದ ಹಿಡಿದು ಬಸ್ಸಿಗೆ ಕಾಯುತ್ತ ಆ ಓಣಿಯ ನೆರಳಿಗೆ ಬರುತ್ತಿದ್ದರು. ಅಂಬುಬಾಯಿ ಕೈ ಚಾಚುತ್ತಿದ್ದಳು, ಕಾಗದದ ಕೆಳಗಡೆ ನೋಡುತ್ತಿದ್ದಳು, ಆ ಶಬ್ದಕ್ಕೆ ಬೆರಳಿಡುತ್ತಿದ್ದಳು.

೨೦೦೭ರ ಬೇಸಿಗೆಯಲ್ಲಿ ಬೇಮಳಖೇಡದ ಒಬ್ಬ ಹೆಂಗಸು ಬಂದಳು. ಮುಖ ಒಂದು ಕಡೆ ಊದಿ ಕಣ್ಣು ಮುಚ್ಚಿತ್ತು. ಗಂಡನ ಅಣ್ಣ ಸಲಿಕೆಯ ಕಾವಿನಿಂದ ಹೊಡೆದಿದ್ದ. ಅಂಬುಬಾಯಿ ಕಾಗದ ನೋಡಿದಳು, ಆಮೇಲೆ ಅವಳ ಗದ್ದ ಹಿಡಿದು ಬಾಯಿ ತೆರೆಸಿ ನೋಡಿದಳು.

"ಹಲ್ಲ ಎಲ್ಲವ?"

"ಅತ್ತಿ ಒಗದಾಳ್ರಿ. ಮಾಳಿಗಿ ಮ್ಯಾಗ."

ಅಂಬುಬಾಯಿ ಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡಕ್ಕೆ ನೀರು ಹಾಕಿದಳು. ಅರ್ಧ ಇಸ್ತ್ರಿಯಾದ ಅಂಗಿಯನ್ನು ಹಾಗೇ ಮಡಚಿಟ್ಟಳು.

"ಮಣ್ಣ ಹಾಕ್ಯಾರೇನು?"

"ಇನ್ನಾ ಇಲ್ರಿ."

"ನಡಿ," ಅಂದಳು ಅಂಬುಬಾಯಿ, ಬಂಡಿಯ ಕೆಳಗಿದ್ದ ಸಾಣಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತ. "ನಿಚ್ಚಣಿಕಿ ಅದ ಏನ ಮನ್ಯಾಗ?"